ಕಿರಣ ಹೊಂದಿಸುವ ಪಾಠ

ಕಣ್ಣು ಕಾಯುವ ಲೇಸರ್ ಕನ್ನಡಕ ಹಾಕಿಕೊಂಡರೆ ಕಿರಣವೇ ಕಾಣಿಸುವುದಿಲ್ಲ; ಕಾಣದ ಕಿರಣಕ್ಕೆ ಕನ್ನಡಿ ಹೊಂದಿಸುವುದಾದರೂ ಹೇಗೆ? ಅದಕ್ಕೇ ಆ ಲ್ಯಾಬಿನಲ್ಲಿ ಹೊಂದಿಸುವಾಗ ಎಲ್ಲರೂ ಕನ್ನಡಕ ತೆಗೆದಿಡುತ್ತಿದ್ದರು. ಗೈಡ್ ಕಲಿಸಿದ್ದೇ ಹಾಗೆ. ಸಂಶೋಧನೆಗೆ ಸೇರಿದ್ದ ಭಾರ್ಗವಿಯೂ ತೆಗೆದಿಟ್ಟಳು. ಕನ್ನಡಿಯ ಸ್ಕ್ರೂ ತುಸು ಹೆಚ್ಚು ತಿರುಗಿತು, ಕಣ್ಣಿಗೆ ಹಸಿರು ಮಿಂಚು ಹೊಡೆಯಿತು.

ಕಣ್ಣಾಸ್ಪತ್ರೆಯಿಂದ ನೇರ ಗೈಡ್ ಕೋಣೆಗೆ ನುಗ್ಗಿದಳು. ಅವರು ಎಂದಿನಂತೆ ಕತ್ತು ಓರೆ ಮಾಡಿಕೊಂಡು ಓದುತ್ತಿದ್ದರು. ಆ ಓರೆಯನ್ನು ಅವಳು ಜಂಬವೆಂದೇ ತಿಳಿದಿದ್ದಳು.

"ಬಲಗಣ್ಣಿನ ನಟ್ಟನಡುವೆ ಕಪ್ಪು ಚುಕ್ಕೆ, ಸರ್. ಇನ್ನು ಹೋಗೋದೇ ಇಲ್ವಂತೆ. ನಾನು ಕಂಪ್ಲೇಂಟ್ ಕೊಡ್ತೀನಿ."

ಅವರು ಗಾಬರಿಯಾಗಲಿಲ್ಲ.

"ಎಡಗಣ್ಣು ಚೆನ್ನಾಗಿದೆ ತಾನೆ?"

"ಹೂಂ."

"ಸಾಕು ಬಿಡಮ್ಮ. ನಾನೂ ಒಂದೇ ಕಣ್ಣಲ್ಲೇ ಪಿಎಚ್‌ಡಿ ಮುಗಿಸಿದ್ದು."