ಏಳು ಜೇಬಿನ ಮರ

ಈ ಭೂಮಿಯ ಮೇಲೆ ಅಂಗಿ ತೊಡುವ ಗಂಡಸರಿಗೆಲ್ಲ ಜೇಬು ಹೊಲಿದುಕೊಟ್ಟವಳು ನಮ್ಮ ಬೀದಿಯ ಜೇಬಮ್ಮ. ಸರಿ, ಇದರಲ್ಲಿ ಅರ್ಧ ಸುಳ್ಳು. ಅವಳು ಹೊಲಿದದ್ದು ಎಡಗಡೆಯ ಜೇಬು ಮಾತ್ರ. ಬಟ್ಟೆ ಕಾರ್ಖಾನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಕಾಲರಿನವಳಿಗೆ ಕಾಲರು, ತೋಳಿನವಳಿಗೆ ತೋಳು, ಒಂಬತ್ತು ವರ್ಷದಿಂದ ಜೇಬಮ್ಮನಿಗೆ ಎಡಜೇಬು. ಕಣ್ಣು ಕಟ್ಟಿ ಕೂರಿಸಿದರೂ ಒಂದು ನೂಲು ಆಚೀಚೆ ಆಗದು.

ಅಂಥವಳು ಮಗಳ ಶಾಲೆಯ ನಾಟಕಕ್ಕೆ ಹಸಿರು ಅಂಗಿ ಹೊಲಿಯಲು ಕೂತಳು. ಮಗಳು ಎರಡನೇ ಕ್ಲಾಸು, ನಾಟಕದಲ್ಲಿ ಮರ. ಎರಡು ತುಂಡು ಸೇರಿಸಿ ತಲೆಗೊಂದು ತೂತು ಬಿಟ್ಟದ್ದಷ್ಟೇ ಜೇಬಮ್ಮನ ನೆನಪು. ಆಮೇಲೆ ಕೈ ತನ್ನ ಪಾಡಿಗೆ ತಾನು ಓಡಿತು. ಎತ್ತಿ ನೋಡಿದರೆ, ಎಡಗಡೆ ಮೇಲಿಂದ ಕೆಳಗೆ ಏಳು ಜೇಬು!

"ಇದೇನೇ, ಮರವೋ ಟಪಾಲು ಪೆಟ್ಟಿಗೆಯೋ?" ಅತ್ತೆ ಬೊಚ್ಚುಬಾಯಿ ತೆರೆದು ನಕ್ಕರು.

"ಹಕ್ಕಿ ಗೂಡು ಅಜ್ಜಿ!" ಮಗಳು ಆಗಲೇ ಅಂಗಿಯೊಳಗೆ ನುಗ್ಗಿ ನೆಟ್ಟಗೆ ನಿಂತಿದ್ದಳು. "ಮರ ಒಂಚೂರೂ ಅಲ್ಲಾಡಬಾರದು ಅಂತ ಟೀಚರ್ ಹೇಳಿದಾರೆ. ಗಾಳಿ ಬಂದ್ರೂ."

"ಗಾಳಿ ಬಂದ್ರೂನಾ?"

"ಗಾಳಿ ನಮ್ಮ ಕ್ಲಾಸಿನವಳೇ ಅಜ್ಜಿ. ಬಂದು ಕಚಗುಳಿ ಇಡ್ತಾಳೆ. ಆದ್ರೂ ನಾನು ಅಲ್ಲಾಡಲ್ಲ." ಆಮೇಲೆ ಅಮ್ಮನ ಮುಖ ನೋಡದೆ, ಜೇಬಿಗೆ ಕೈ ತೂರಿಸುತ್ತ ಕೇಳಿದಳು. "ಅಮ್ಮಾ, ನಾಳೆ ಬರ್ತೀಯಾ?"

ರಜೆ ಕೇಳಿ ಆಗಿತ್ತು. ಈ ವಾರ ಹಡಗಿಗೆ ಸರಕು ಹೋಗಬೇಕು, ಆಕಾಶ ಕಳಚಿ ಬಿದ್ದರೂ ರಜೆ ಇಲ್ಲ ಎಂದಿದ್ದ ಸೂಪರ್‌ವೈಸರ್. ಜೇಬಮ್ಮ ಬಿದ್ದ ಸೂಜಿ ಹುಡುಕುವವಳಂತೆ ನೆಲ ನೋಡಿದಳು.

"ಬರದಿದ್ರೂ ಪರವಾಗಿಲ್ಲ ಬಿಡಮ್ಮ," ಎಂದಳು ಮಗಳು. "ಮರಕ್ಕೆ ಮಾತೇ ಇಲ್ಲ."

ಮಗು ರಚ್ಚೆ ಹಿಡಿದಿದ್ದರೆ ಎರಡು ಬೈದು ಸುಮ್ಮನಾಗಿಸಬಹುದಿತ್ತು. ಈ ದೊಡ್ಡಮನಸ್ಸಿನ ಮಾತಿಗೆ ಏನು ಮಾಡುವುದು? ಮಾರನೆಯ ದಿನ ಮಷೀನಿನ ಮುಂದೆ ಕೂತರೂ ಅದು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನಾಟಕ ಹನ್ನೊಂದಕ್ಕೆ. ಅವಳು ನೋಡಿದ ನೋಟಕ್ಕೆ ಗೋಡೆಯ ಗಡಿಯಾರವೇ ಸವೆದುಹೋಗಬೇಕಿತ್ತು. ಹತ್ತೂಮುಕ್ಕಾಲಿಗೆ ಸೂಪರ್‌ವೈಸರ್ ಒಂದು ಅಂಗಿ ಹಿಡಿದು ಬಂದ. ನಕ್ಕರೆ ಹಲ್ಲು ಉದುರೀತೆಂದು ಹೆದರುವ ಆಸಾಮಿ.

"ಏನಮ್ಮ ಇದು? ಜೇಬಿನ ಬಾಯಿನೂ ಹೊಲಿದುಬಿಟ್ಟಿದೀಯಲ್ಲ! ನಾಲ್ಕೂ ಕಡೆ! ಇದರೊಳಗೆ ಗಾಳಿನೂ ಹೋಗಲ್ಲ."

ಒಂಬತ್ತು ವರ್ಷದಲ್ಲಿ ಮೊದಲ ತಪ್ಪು. ಸಾಲದ್ದಕ್ಕೆ ಇವನ ಬಾಯಲ್ಲೂ ಗಾಳಿ. ಜೇಬಮ್ಮನ ಕಣ್ಣು ತುಂಬಿ ಬಂತು. "ಬಿಚ್ಚಿ ಹೊಲೀತೀನಿ ಸಾರ್. ನನ್ನ ಮಗಳು ಇವತ್ತು ಮರ."

"ಏನು?"

"ನಾಟಕದಲ್ಲಿ ಸಾರ್. ಹನ್ನೊಂದಕ್ಕೆ."

ಅವನು ಆ ಮುಚ್ಚಿದ ಜೇಬನ್ನು ತಿರುಗಿಸಿ ಮುರುಗಿಸಿ ನೋಡಿದ. "ಊಟಕ್ಕೆ ಎಷ್ಟೊತ್ತಿಗೆ ಏಳ್ತೀಯ?"

"ಒಂದೂವರೆಗೆ ಸಾರ್."

"ಇವತ್ತು ಈಗಲೇ ಏಳು. ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ. ಇಂಥದ್ದು ಇನ್ನೊಂದು ಬಂದ್ರೆ ಮೇಲಿನೋರು ನನ್ನ ಬಾಯಿ ಹೊಲೀತಾರೆ."

ಉಸಿರು ಬಿಗಿಹಿಡಿದು ಓಡಿದರೂ ಶಾಲೆಗೆ ಹದಿನೈದು ನಿಮಿಷದ ದಾರಿ. ವಾಪಸು ಬರಲು ಮತ್ತೆ ಹದಿನೈದು. ಇನ್ನು ನಾಟಕ ನೋಡಲು ಹೊತ್ತೆಲ್ಲಿ? ಜೇಬಮ್ಮ ಎದ್ದಳು, ಊಟದ ಡಬ್ಬಿ ಮಷೀನಿನ ಕೆಳಗೆ ಮುಚ್ಚಿದ್ದು ಮುಚ್ಚಿದ ಹಾಗೇ ಉಳಿಯಿತು.

ಇತ್ತ ಶಾಲೆಯಲ್ಲಿ ಮರ ಕಲ್ಲಿನ ಹಾಗೆ ನಿಂತಿತ್ತು. ಗಾಳಿ ಬಂದು ಕಂಕುಳಿಗೇ ಕಚಗುಳಿ ಇಟ್ಟಿತು, ಮರ ಅಲ್ಲಾಡಲಿಲ್ಲ. ಮೂಗಿನ ಮೇಲೆ ನೊಣ ಕೂತು ಸಂಸಾರ ಹೂಡಿತು, ಆಗಲೂ ಅಲ್ಲಾಡಲಿಲ್ಲ. ಮೊದಲ ಸಾಲಿನಲ್ಲಿ ಅಜ್ಜಿ ಸೂರು ಹಾರುವ ಹಾಗೆ ಗೊರಕೆ ಹೊಡೆಯುತ್ತಿದ್ದರು. ಹಾಗಿರುವಾಗ ಇದ್ದಕ್ಕಿದ್ದಂತೆ ಮರ ಎಡಗಡೆಯ ಕೊಂಬೆ ಎತ್ತಿ, ಏಳು ಗೂಡೂ ಕುಲುಕಾಡುವ ಹಾಗೆ, ದೂರದ ಬಾಗಿಲ ಕಡೆಗೆ ಜೋರಾಗಿ ಬೀಸಿತು. ಟೀಚರ್ ಪಕ್ಕದಿಂದ ಹಲ್ಲು ಕಡಿದರು.

ನಿದ್ದೆ ಹೊಡೆಯುತ್ತಿದ್ದ ಅಜ್ಜಿಗಂತೂ ಅಲ್ಲ. ಮತ್ತೆ ಯಾರಿಗೆ ಅಂತೀರಿ?