ಕರ್ಚೀಫು ಹಾಕಿದವರ ಜಾಗ

ಡ್ರಮ್ಮಿನ ಮೊದಲ ಏಟಿಗೆ ರಾಯಚೂರು ಕೋಟೆಯ ಕಲ್ಲುಗಳೇ ಎದ್ದು ಕುಣಿದವು. ಅದೇ ಗಳಿಗೆಗೆ, ವೇದಿಕೆಯ ಮುಂದಿನ ಬೊಂಬಿನ ಬೇಲಿಗೆ ಅಂಟಿ ನಿಂತಿದ್ದ ಗುಲ್ಫಶಾಳನ್ನು ಕಾರ್ಯಕರ್ತನೊಬ್ಬ ಗದರಿದ: "ಹಿಂದ ನಡೀರಿ, ಹೆಣ್ಮಕ್ಕಳ ಕುರ್ಚಿ ಅಲ್ಲಿ ಹಾಕೇವಿ."

ಅಲ್ಲಿ ಎಂದರೆ ಹರದಾರಿಗಟ್ಟಲೆ ದೂರದ ಯರಗೇರಾ ಊರನ್ನೂ ದಾಟಿ! ಅಲ್ಲಿಂದ ಅವಳ ಪ್ರಾಣದಂಥ ಬ್ಯಾಂಡಿನ ಗಿಟಾರು ಬೆಂಕಿಕಡ್ಡಿಯಷ್ಟು ಕಂಡರೆ ಪುಣ್ಯ. ಗುಲ್ಫಶಾ ಕರ್ಚೀಫು ತೆಗೆದು ಬೊಂಬಿನ ಮೇಲೆ ಹಾಸಿದಳು.

"ಎಂದರ ದೇವದುರ್ಗದ ಬಸ್ ಹತ್ತೀರೇನು ಅಣ್ಣಾ? ಕಿಟಕ್ಯಾಗ ಕರ್ಚೀಫ್ ಹಾಕಿದವರದ ಸೀಟು. ಮಂತ್ರಿ ಬಂದ್ರೂ ಏಳಂಗಿಲ್ಲ."

ಅವನು ಅದನ್ನು ಕಿತ್ತೆಸೆಯಲು ಕೈ ಚಾಚಿದ. ಅಷ್ಟರಲ್ಲಿ ಹಿಂದಿನ ಕುರ್ಚಿಗಳಿಂದ ಒಂದು ವ್ಯಾನಿಟಿ ಬ್ಯಾಗು ಹಾರಿಬಂದು ಬೇಲಿಯ ಬುಡಕ್ಕೆ ಬಿತ್ತು. ಬೆನ್ನಿಗೇ ಟವೆಲ್ಲು, ಛತ್ರಿ, ನೀರಿನ ಬಾಟಲಿ, ಆಕಾಶವೇ ಮುಚ್ಚಿಹೋಯಿತು. ಸಾಮಾನಿನ ಹಿಂದೆ ಹೆಂಗಸರೂ ಓಡಿಬಂದರು. ಗುಲ್ಫಶಾ ಬೊಂಬಿಗೆ ಪಟಪಟ ಬಡಿದು ಕೂಗಿದಳು: "ಬಸ್ ಫುಲ್ ಆಗ್ಯಾದ. ರೈಟ್, ರೈಟ್!"