ಮೇಷ್ಟ್ರ ಮುನ್ನುಡಿ

"ಕದ್ದಿರೋದು ಇವಳೇ ಮೇಡಂ. ಮುಖದಲ್ಲೇ ಬರೆದೈತೆ ನೋಡಿ!"

ನಂಜುಂಡಸ್ವಾಮಿ ಮೇಷ್ಟ್ರ ಬೆರಳು ತೋರಿಸಿದ ಕಡೆ ಒಂಬತ್ತನೇ ಕ್ಲಾಸಿನ ಮಲ್ಲಿ ನಿಂತಿದ್ದಳು. ಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಯ ಹುಡುಗಿ. ಮುಖದಲ್ಲಿ ಬೆವರು ಬಿಟ್ಟರೆ ಬೇರೇನೂ ಬರೆದಿರಲಿಲ್ಲ.

ಮೇಜಿನ ಮೇಲೆ ಎರಡು ಇಂಗ್ಲಿಷ್ ಕಥೆಗಳಿದ್ದವು. ಶಿಕ್ಷಕರ ವಿಭಾಗಕ್ಕೆ ಬಂದದ್ದು ಮೇಷ್ಟ್ರದು, ಮಕ್ಕಳ ವಿಭಾಗಕ್ಕೆ ಬಂದದ್ದು ಮಲ್ಲಿಯದು. ಎರಡರಲ್ಲೂ ಅದೇ ರಾಚಮ್ಮಜ್ಜಿ. ತಪ್ಪಲೆ ಬಡಿದು ಒಂಟಿ ಸಲಗವನ್ನು ರಾಗಿ ಹೊಲದಿಂದ ಓಡಿಸುತ್ತಾಳೆ, ಕಂದಕಕ್ಕೆ ಬೀಳುತ್ತಾಳೆ, ಎಡಗಾಲು ಮುರಿಯುತ್ತದೆ.

ಸ್ಪರ್ಧೆಯ ನಿಯಮ ಸರಳ. ಎಐ ಸಹಾಯ ಪಡೆಯಬಹುದು, ಕಥೆ ಮಾತ್ರ ಸ್ವಂತದ್ದಾಗಿರಬೇಕು. ಕದ್ದವರು ಇವತ್ತೇ ಹೊರಗೆ. ಅದನ್ನು ತೀರ್ಮಾನಿಸಲೆಂದೇ ತೀರ್ಪುಗಾರ್ತಿ ಶಾಂತಲಾ ಇಬ್ಬರನ್ನೂ ಹುಣಸೂರಿಗೆ ಕರೆಸಿದ್ದರು. ಗೆದ್ದ ಮಕ್ಕಳಿಗೆ ಮೈಸೂರಿನ ಹಾಸ್ಟೆಲಿನಲ್ಲಿ ಸೀಟು, ಓದು ಪೂರ್ತಿ ಪುಕ್ಕಟೆ. ಗೆದ್ದ ಮೇಷ್ಟ್ರಿಗೆ ಶಾಲು, ಹಾರ, ಪೇಪರಿನಲ್ಲಿ ಫೋಟೋ. ನಂಜುಂಡಸ್ವಾಮಿ ಫೋಟೋಗೆಂದೇ ಹೊಸ ಸಫಾರಿ ಹೊಲಿಸಿದ್ದರು.

ಅವರೇನು ಸಾಮಾನ್ಯರೇ? ಎರಡು ದಿನದ ಎಐ ತರಬೇತಿಗೆ ಹೋಗಿ ಎರಡು ದಿನವೂ ಉಪ್ಪಿಟ್ಟು ತಿಂದು ಬಂದವರು. ಇಡೀ ಶಾಲೆಗೆ ಒಂದೇ ಟ್ಯಾಬು, ಒಂದೇ ಪಾಸ್‌ವರ್ಡು. "ಇದರ ಜೊತೆ ಮಾತಾಡ್ರಲಾ, ಇಂಗ್ಲಿಷ್ ತಾನಾಗೇ ಬತ್ತದೆ" ಎಂದು ಅದನ್ನು ಮಕ್ಕಳ ಕೈಗೆ ಕೊಟ್ಟು ತಾವು ಕಣ್ಣು ಮುಚ್ಚುತ್ತಿದ್ದರು. ಸ್ಪರ್ಧೆಯ ಸುದ್ದಿ ಬಂದಾಗ ಆ ಟ್ಯಾಬಿಗೇ ‘ನಮ್ಮ ಕಡೆಯದೊಂದು ಕಥೆ, ತಪ್ಪಿಲ್ಲದ ಇಂಗ್ಲಿಷಿನಲ್ಲಿ’ ಎಂದರು. ಕಾಫಿ ಆರುವುದರೊಳಗೆ ಕಥೆ ಸಿದ್ಧ. ಅಲ್ಲಿಂದಲೇ ಪ್ರಿಂಟಿನ ಅಂಗಡಿಗೆ ಕಳಿಸಿದರು. ಓದಲು ತೆಗೆದದ್ದು ಇವತ್ತು ಬಸ್ಸಿನಲ್ಲಿ. ತೆರೆದುಕೊಂಡದ್ದು ನಡುವಿನ ಪುಟ, ಅದೊಂದು ಮುಗಿಯುವಷ್ಟರಲ್ಲೇ ತೂಕಡಿಕೆ ಬಂತು. ಆದರೇನು, ಯಂತ್ರ ಕೊಟ್ಟದ್ದು ಕೇಳಿದವರದೇ ತಾನೇ? ಅದೇನು ಎದ್ದು ಬಂದು ಪಾಲು ಕೇಳುತ್ತದೆಯೇ?

"ಇವಳು ದಿನಾ ಟ್ಯಾಬು ಹಿಡ್ಕೊಂಡೇ ಕೂರ್ತಿದ್ಲು ಮೇಡಂ. ನನ್ನ ಕಥೆ ಅದರಲ್ಲೇ ಇತ್ತು. ಕಾಪಿ ಹೊಡೆಯೋಕೂ ಬಂದಿಲ್ಲ, ಸಾಲಿಗೆರಡು ತಪ್ಪು. ನನ್ನದರಲ್ಲಿ ಒಂದಾದ್ರೂ ಐತಾ?"

"ಇಲ್ಲ, ಒಂದೂ ಇಲ್ಲ" ಎಂದರು ಶಾಂತಲಾ. "ಈ ಅಜ್ಜಿ ನಿಮಗೆಲ್ಲಿ ಸಿಕ್ಕಿದ್ರು?"

"ಬರೀ ಕಲ್ಪನೆ ಮೇಡಂ! ಅಂಥ ಗಟ್ಟಿಗಿತ್ತಿ ನಿಜವಾಗ್ಲೂ ಎಲ್ಲಿರ್ತಾಳೆ?"

ಮಲ್ಲಿ ತಟ್ಟನೆ ತಲೆಯೆತ್ತಿದಳು. "ನಾ ಕದ್ದಿಲ್ಲ ಸಾ. ನಾನು ಆ ಟ್ಯಾಬಿಗೆ ದಿನಾ..."

"ಮುಚ್ಚಲೇ ಬಾಯಿ!"

ಹುಡುಗಿಯ ಕಣ್ಣು ತುಂಬಿತು. ಚೀಲವನ್ನು ಎದೆಗವಚಿಕೊಂಡಳು. "ಮೇಡಂ, ಒತ್ತಾಯ್ತು. ಬಸ್ ತಪ್ಪೋಯ್ತದೆ. ಔಷ್ದಿ ತಕ್ಕೊಂಡೋಗ್ಬೇಕು."

"ನೋಡಿದ್ರಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ!" ಮೇಷ್ಟ್ರು ಗೆದ್ದವರಂತೆ ನಕ್ಕರು. "ಇವಳ ಹೆಸರು ಹೊಡೆದುಹಾಕಿ ಮೇಡಂ. ಪಾಠ ಕಲೀಲಿ."

ಶಾಂತಲಾ ಪೆನ್ನು ಎತ್ತಿಕೊಂಡರು.

"ಒಂದೇ ಒಂದು ಅನುಮಾನ ಮೇಷ್ಟ್ರೇ. ನಿಮ್ಮದರ ಮೊದಲ ಎರಡು ಸಾಲು ಇವಳದರಲ್ಲಿ ಇಲ್ಲ."

"ಅದು ಮುನ್ನುಡಿ ಮೇಡಂ!" ಮೇಷ್ಟ್ರು ಹಿಗ್ಗಿಹೋದರು. "ಕದಿಯೋರಿಗೆ ಮುನ್ನುಡಿಯ ಬೆಲೆ ಏನು ಗೊತ್ತು?"

"ಹೌದಾ? ಹಾಗಾದ್ರೆ ಅದನ್ನೊಂದಿಷ್ಟು ಓದಿ ಕನ್ನಡದಲ್ಲಿ ಹೇಳಿ. ನನಗೆ ಬಹಳ ಹಿಡಿಸಿತು."

ಮೇಷ್ಟ್ರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ತಮ್ಮದೇ ಕಥೆಯ ಮೊದಲ ಪುಟವನ್ನು ಮೊದಲ ಸಲ ಓದತೊಡಗಿದರು.

"ಮಲ್ಲಿ, ನೀನು ದಿನಾ ಹೇಳುತ್ತಿದ್ದ ನಿಮ್ಮಜ್ಜಿಯ ಕಥೆಯನ್ನೇ ತಪ್ಪು ತಿದ್ದಿ ಕೆಳಗೆ ಕೊಟ್ಟಿದ್ದೇನೆ. ರಾಚಮ್ಮಜ್ಜಿಯ ಎಡಗಾಲಿನ ನೋವು ಈಗ ಹೇಗಿದೆ?"